ಬಿಚ್ಚದೆಯೇ ನೋಡಿದ ರಾಜನ ಮುಖ

ಈಜಿಪ್ಟಿನ ರಾಜರ ಮಮ್ಮಿಗಳಲ್ಲಿ ಹೆಚ್ಚಿನವನ್ನು 19ನೇ ಶತಮಾನದ ಕೊನೆ, 20ನೇ ಶತಮಾನದ ಶುರುವಿನಲ್ಲೇ ಬಿಚ್ಚಿ ನೋಡಿಬಿಟ್ಟರು. ಎರಡನೇ ರಾಮ್ಸೆಸ್‌ನಂಥ ದೊಡ್ಡ ದೊರೆಯ ಮೈಮೇಲಿನ ಬಟ್ಟೆ ತೆಗೆಯಲು 1886ರಲ್ಲಿ ಹಿಡಿದದ್ದು ಬರೀ ಕಾಲು ಗಂಟೆ. ಒಂದೊಂದು ಸುತ್ತು ಎಲ್ಲಿತ್ತು, ಯಾವ ಮಡಿಕೆಯೊಳಗೆ ಏನಿತ್ತು ಅನ್ನೋದೆಲ್ಲ ಆ ಅವಸರದಲ್ಲೇ ಕಳೆದುಹೋಯಿತು. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಗೇ ಸುತ್ತೋಕಾಗಲ್ಲ, ಅಲ್ವಾ?

ಈ ಗತಿ ಬಾರದೆ ಉಳಿದವನು ಒಂದನೇ ಅಮೆನ್‌ಹೋಟೆಪ್. ಕ್ರಿ.ಪೂ. 1525ರಿಂದ 1504ರವರೆಗೆ, ಅಂದರೆ ಸುಮಾರು 21 ವರ್ಷ ಆಳಿದ ರಾಜ.

ಅವನ ಮಮ್ಮಿ ಸಿಕ್ಕಿದ್ದು ಸ್ವಂತ ಗೋರಿಯಲ್ಲಲ್ಲ. ಲಕ್ಸರ್ ಎದುರು, ನೈಲ್ ನದಿಯ ಪಶ್ಚಿಮ ದಡದಲ್ಲಿ ದೇರ್ ಎಲ್-ಬಹ್ರಿ ಅನ್ನುವ ಜಾಗವಿದೆ. ಅಲ್ಲಿನ ಬಂಡೆಗಳ ನಡುವೆ ಬಾವಿಯಂತೆ ನೇರ ಕೆಳಗಿಳಿಯುವ ಒಂದು ಗುಂಡಿ, ಅದರ ತಳದಲ್ಲಿ ಸುರಂಗ. ಹತ್ತಿರದ ಊರಿನ ಅಬ್ದ್ ಎಲ್-ರಸೂಲ್ ಮನೆತನದವರಿಗೆ ಈ ಗುಟ್ಟು ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಒಳಗಿನ ಸಾಮಾನನ್ನು ಸದ್ದಿಲ್ಲದೆ ಒಂದೊಂದಾಗಿ ಮಾರುತ್ತಿದ್ದರು. ಮಾರುಕಟ್ಟೆಗೆ ಬಂದ ಪುರಾತನ ವಸ್ತುಗಳ ಜಾಡು ಹಿಡಿದು ಅಧಿಕಾರಿಗಳು ಅವರ ಮನೆವರೆಗೂ ಬಂದರು. ಕೊನೆಗೆ ಅಣ್ಣತಮ್ಮಂದಿರಲ್ಲೊಬ್ಬ ಬಾಯಿಬಿಟ್ಟ. 1881ರ ಜುಲೈನಲ್ಲಿ ಪುರಾತತ್ವ ಇಲಾಖೆಯ ಅಧಿಕಾರಿ ಎಮಿಲ್ ಬ್ರುಗ್ಶ್ ಒಳಗಿಳಿದು ನೋಡಿದರೆ ಸಾಲು ಸಾಲು ಶವಪೆಟ್ಟಿಗೆಗಳು, 40ಕ್ಕೂ ಹೆಚ್ಚು ಮಮ್ಮಿಗಳು. ಕೆಲವೇ ದಿನಗಳಲ್ಲಿ ಎಲ್ಲವನ್ನೂ ಮೇಲೆತ್ತಿ ದೋಣಿಗೆ ಹಾಕಿದರು. ದೋಣಿ ಕೈರೋ ಕಡೆ ಹೊರಟಾಗ ದಡದ ಹಳ್ಳಿಗಳ ಹೆಂಗಸರು ಸಾವಿನ ಮನೆಯಲ್ಲಿ ಅಳುವಂತೆಯೇ ಅತ್ತರಂತೆ.

ಅಮೆನ್‌ಹೋಟೆಪ್‌ನ ಪೆಟ್ಟಿಗೆ ತೆರೆದಾಗ ತಲೆಯಿಂದ ಕಾಲಿನವರೆಗೆ ಹೂವಿನ ಹಾರಗಳು ಒಣಗಿಕೊಂಡು ಹಾಗೇ ಇದ್ದವು. ಮುಖಕ್ಕೆ ಬಣ್ಣದ ಮುಖವಾಡ. ಹಾರಗಳ ಜೊತೆ ಒಂದು ಕಣಜವೂ ಇತ್ತು. ಹೂವಿನ ವಾಸನೆಗೆ ಬಂದು ಮುಚ್ಚಳದೊಳಗೆ ಸಿಕ್ಕಿಬಿದ್ದಿತ್ತು, ಪಾಪ! ಈ ಚೆಂದವನ್ನು ಕೆಡಿಸಬಾರದು ಅಂತ ಆಗಿನ ಪುರಾತತ್ವ ಇಲಾಖೆಯ ಮುಖ್ಯಸ್ಥ ಗ್ಯಾಸ್ಟನ್ ಮಾಸ್ಪೆರೋ ಇದೊಂದನ್ನು ಬಿಚ್ಚಲಿಲ್ಲ. ಅವರು ಮಾಡಿದ ಎಲ್ಲ ಕೆಲಸಗಳಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಮಾಡದೆ ಬಿಟ್ಟ ಈ ಕೆಲಸವೇ.

ಆಮೇಲೆ ಎಕ್ಸ್‌ರೇ ಬಂತು. 1932ರಲ್ಲಿ ತೆಗೆದ ಚಿತ್ರ ನೋಡಿ ಸಾಯುವಾಗ ರಾಜನ ವಯಸ್ಸು 40ರಿಂದ 50 ಅಂದರು. 1960ರ ದಶಕದಲ್ಲಿ ಮತ್ತೆ ತೆಗೆದು 25ರ ಆಸುಪಾಸು ಅಂದರು. ಇಷ್ಟು ವ್ಯತ್ಯಾಸಕ್ಕೆ ಕಾರಣವಿದೆ. ಮಾಮೂಲಿ ಎಕ್ಸ್‌ರೇಯಲ್ಲಿ ಮುಖವಾಡ, ತಾಯಿತ, ಹಲ್ಲು, ಮೂಳೆ ಎಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗಿ ಕಾಣುತ್ತವೆ.

ಸಿಟಿ ಸ್ಕ್ಯಾನ್ ಈ ಗೋಜಲನ್ನು ಬಿಡಿಸುತ್ತದೆ. ಎಕ್ಸ್‌ರೇ ಕೊಳವೆ ದೇಹದ ಸುತ್ತ ತಿರುಗುತ್ತಾ ತೆಳುವಾದ ಅಡ್ಡಕೊಯ್ತದ ಚಿತ್ರಗಳನ್ನು ನೂರಾರು ಲೆಕ್ಕದಲ್ಲಿ ತೆಗೆಯುತ್ತದೆ. ಪ್ರತಿ ಬಿಂದು ಎಷ್ಟು ಗಟ್ಟಿ ಅನ್ನೋದಕ್ಕೆ ಒಂದು ಅಂಕಿ ಸಿಗುತ್ತದೆ. ಚಿನ್ನದ ಅಂಕಿ ಬೇರೆ, ಮೂಳೆಯದ್ದು ಬೇರೆ, ಬಟ್ಟೆಯದ್ದು ಬೇರೆ. ಆ ಅಂಕಿಗಳನ್ನು ಆಧರಿಸಿ ಕಂಪ್ಯೂಟರಿನಲ್ಲಿ ಮುಖವಾಡ ತೆಗಿ, ಬಟ್ಟೆ ತೆಗಿ, ಚರ್ಮ ತೆಗಿ ಅಂತ ಒಂದೊಂದೇ ಪದರ ಸರಿಸಬಹುದು. ಮಮ್ಮಿಯ ಒಂದು ಎಳೆ ನೂಲೂ ಅಲ್ಲಾಡುವುದಿಲ್ಲ.

2019ರಲ್ಲಿ ಕೈರೋ ಮ್ಯೂಸಿಯಂನ ಆವರಣದಲ್ಲೇ ಅಮೆನ್‌ಹೋಟೆಪ್‌ನ ಸ್ಕ್ಯಾನ್ ಆಯಿತು. ಕೈರೋ ವಿಶ್ವವಿದ್ಯಾಲಯದ ರೇಡಿಯಾಲಜಿ ಪ್ರೊಫೆಸರ್ ಸಹರ್ ಸಲೀಮ್ ಮತ್ತು ಪುರಾತತ್ವಜ್ಞ ಜಾಹಿ ಹವಾಸ್ 2021ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ವಯಸ್ಸು ಸುಮಾರು 35. ಎತ್ತರ 169 ಸೆಂಟಿಮೀಟರ್. ಕಿರಿದಾದ ಗದ್ದ, ಸಣ್ಣ ಮೂಗು, ಗುಂಗುರು ಕೂದಲು, ಸ್ವಲ್ಪ ಮುಂದೆ ಬಂದ ಮೇಲಿನ ಹಲ್ಲುಗಳು. ಹಲ್ಲೆಲ್ಲ ಗಟ್ಟಿಯಾಗೇ ಇದ್ದವು. ಎಷ್ಟೋ ರಾಜರ ಮಮ್ಮಿಗಳಲ್ಲಿ ಮೆದುಳನ್ನು ಮೂಗಿನ ಮೂಲಕ ತೆಗೆದಿದ್ದರೆ, ಇವನ ಮೆದುಳು ತಲೆಯೊಳಗೇ ಒಣಗಿ ಉಳಿದಿದೆ. ಬಟ್ಟೆಯ ಮಡಿಕೆಗಳಲ್ಲಿ 30 ತಾಯಿತಗಳಿವೆ. ಬೆನ್ನಿನ ಕೆಳಭಾಗದಲ್ಲಿ 34 ಚಿನ್ನದ ಮಣಿಗಳ ಡಾಬು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚಿನ್ನವಲ್ಲ, ಗಾಯಗಳು. ರಾಜನ ಕತ್ತು ಮುರಿದು ತಲೆ ಬೇರೆಯಾಗಿತ್ತು. ಎಡಗೈ ಕಳಚಿತ್ತು. ಹೊಟ್ಟೆಯ ಮುಂಭಾಗ ಹರಿದುಹೋಗಿತ್ತು. ಇದೆಲ್ಲ ಸತ್ತ ಮೇಲೆ ಆದದ್ದು, ಒಡವೆಗಾಗಿ ಗೋರಿ ನುಗ್ಗಿದ ಕಳ್ಳರ ಕೆಲಸ. ಅವನು ಸತ್ತು ನಾಲ್ಕು ಶತಮಾನ ಕಳೆದ ಮೇಲೆ, 21ನೇ ರಾಜವಂಶದ ಕಾಲದ ಅರ್ಚಕರು ಆ ದೇಹವನ್ನು ತಂದು ಸರಿಮಾಡಿದರು. ಹಾಗೆ ಮಾಡಿದ್ದನ್ನು ಪೆಟ್ಟಿಗೆಯ ಮೇಲೆ ಬರೆದೂ ಇಟ್ಟರು. ರಾಳ ಹಚ್ಚಿದ ಲಿನನ್ ಪಟ್ಟಿಯಿಂದ ತಲೆಯನ್ನು ಮೈಗೆ ಕೂಡಿಸಿದರು. ಕಳಚಿದ ಕೈಯನ್ನು ಪಕ್ಕದಲ್ಲಿಟ್ಟು ಸೇರಿಸಿ ಸುತ್ತಿದರು. ಹರಿದ ಹೊಟ್ಟೆಯನ್ನು ಪಟ್ಟಿಯಿಂದ ಮುಚ್ಚಿ, ಅದರಡಿ ಎರಡು ತಾಯಿತ ಇಟ್ಟರು.

ಈ ಅರ್ಚಕರ ಮೇಲೆ ಒಂದು ಹಳೆಯ ಅನುಮಾನ ಇತ್ತು. ದುರಸ್ತಿಯ ನೆಪದಲ್ಲಿ ಹಳೆ ರಾಜರ ಚಿನ್ನ ತೆಗೆದು ತಮ್ಮ ಕಾಲದ ರಾಜರಿಗೆ ಬಳಸಿದರು ಅಂತ. ಸಲೀಮ್ ಅವರಿಗೂ ಹಾಗೇ ಅನ್ನಿಸಿತ್ತು. ಆದರೆ ಈ ರಾಜನ ಮಟ್ಟಿಗೆ ಅದು ನಿಲ್ಲಲಿಲ್ಲ. ಕಳ್ಳರಿಂದ ಉಳಿದ ಒಡವೆ ಮೈಮೇಲೇ ಇದೆ. ಒಂದು ವೇಳೆ ಮಾಸ್ಪೆರೋ ಬಿಚ್ಚಿಸಿದ್ದರೆ ಡಾಬು ಗಾಜಿನ ಕಪಾಟು ಸೇರುತ್ತಿತ್ತು, ಅರ್ಚಕರ ಕಟ್ಟುಗಳು ಕತ್ತರಿಗೆ ಹೋಗುತ್ತಿದ್ದವು, ಅವರ ಪ್ರಾಮಾಣಿಕತೆಗೆ ಸಾಕ್ಷಿಯೇ ಇರುತ್ತಿರಲಿಲ್ಲ.

ರಾಜ ಸತ್ತಿದ್ದು ಹೇಗೆ? ಸ್ಕ್ಯಾನ್‌ನಲ್ಲಿ ಸಾವಿಗೆ ಕಾರಣವಾಗುವಂಥ ಗಾಯವೂ ಕಾಣಲಿಲ್ಲ, ಕಾಯಿಲೆಯೂ ಕಾಣಲಿಲ್ಲ. ಮೂಳೆಯಲ್ಲಿ ಗುರುತು ಬಿಡದ ಜ್ವರವೋ ಸೋಂಕೋ ಆಗಿದ್ದರೆ ಅದನ್ನು ಹುಡುಕಲು ಬಟ್ಟೆ ಕತ್ತರಿಸಿ ದೇಹದ ಚೂರು ತೆಗೆಯಬೇಕಾಗುತ್ತದೆ. ನನ್ನ ಕೇಳಿದರೆ, ಅದು ಬೇಡ.