‘ಅಫಿಲಿಯೇಷನ್’ ಅಂದರೆ ರಕ್ತಸಂಬಂಧವೇ?

ಪ್ರಶ್ನೆ: ಅಫಿಲಿಯೇಷನ್ ಅಂದರೆ ಕಾಲೇಜಿಗೆ ವಿಶ್ವವಿದ್ಯಾಲಯ ಕೊಡುವ ಮಾನ್ಯತೆ ತಾನೆ? ಮನೆತನ, ಮಠ, ಚರ್ಚುಗಳ ವಿಷಯದಲ್ಲೂ ಆ ಪದ ಯಾಕೆ ಬರುತ್ತದೆ?

ಉತ್ತರ: ಇದಕ್ಕೆ ಉತ್ತರ ಬರೆದೂ ಬರೆದೂ ಕೈ ಸೋತಿದೆ. ಇರಲಿ, ಇನ್ನೊಮ್ಮೆ. ಕಾಲೇಜಿನ ಬೋರ್ಡಿಗೆ ಆ ಪದ ಹತ್ತಿದ್ದು ಆಮೇಲೆ, ಹುಟ್ಟಿದ್ದು ಮನೆಯಲ್ಲೇ. ಲ್ಯಾಟಿನ್ನಿನಲ್ಲಿ ‘ಫಿಲಿಯುಸ್’ ಎಂದರೆ ಮಗ, ‘ಅಫಿಲಿಯಾರೆ’ ಎಂದರೆ ಮಗನಾಗಿ ತೆಗೆದುಕೊಳ್ಳುವುದು.

ಇಷ್ಟು ಹೇಳುವುದೇ ತಡ, ‘ಹಾಗಾದರೆ ರಕ್ತಸಂಬಂಧ ಅನ್ನಿ’ ಎಂದು ಯಾರಾದರೊಬ್ಬರು ಎದ್ದೇಳುತ್ತಾರೆ. ಅಲ್ಲ ಸ್ವಾಮಿ, ಅಲ್ಲ! ಹೊರಗಿನವನನ್ನು ಒಳಗೆ ಕರೆದುಕೊಳ್ಳುವುದೇ ಆ ಪದದ ಕೆಲಸ. ಕ್ರಿ.ಶ. 97ರಲ್ಲಿ ಮಕ್ಕಳಿಲ್ಲದ ಮುದಿ ಚಕ್ರವರ್ತಿ ನೆರ್ವಾ ರೋಮಿನ ಕ್ಯಾಪಿಟಲ್ ಬೆಟ್ಟದ ಮೇಲೆ ನಿಂತು ದಂಡನಾಯಕ ಟ್ರೇಜನ್ ತನ್ನ ಮಗನೆಂದು ಸಾರಿದ. ಮಗ ಊರಲ್ಲೇ ಇರಲಿಲ್ಲ, ಜರ್ಮೇನಿಯಾದಲ್ಲಿ ದಂಡಿನ ಜೊತೆಗಿದ್ದ. ಮರುವರ್ಷ ಅಪ್ಪ ಸತ್ತ, ಮಗ ಪಟ್ಟಕ್ಕೆ ಬಂದ. ಇದರಲ್ಲಿ ರಕ್ತ ಎಲ್ಲಿದೆ?

ರಕ್ತವಾದಿಗಳ ಕೈಯಲ್ಲಿ ಒಂದೇ ಒಂದು ಗಟ್ಟಿ ಸಾಕ್ಷಿ ಇದೆ. ಮದುವೆಯಿಲ್ಲದೆ ಹುಟ್ಟಿದ ಮಗುವಿನ ತಂದೆ ಇಂಥವನೆಂದು ತೀರ್ಮಾನಿಸಿ ಜೀವನಾಂಶ ಕೊಡಿಸುವ ಕೋರ್ಟಿನ ಆದೇಶಕ್ಕೆ ಇಂಗ್ಲೆಂಡಿನಲ್ಲಿ ‘ಅಫಿಲಿಯೇಷನ್ ಆರ್ಡರ್’ ಎನ್ನುತ್ತಿದ್ದರು. 1987ರ ಕಾಯ್ದೆ ಆ ಪದ್ಧತಿಯನ್ನು ತೆಗೆದುಹಾಕಿತು. ಅದನ್ನೂ ಸ್ವಲ್ಪ ನೋಡಿ: ಅಪ್ಪ ಯಾರೆಂದು ಗೊತ್ತಾಯಿತು, ವಾರದ ದುಡ್ಡೂ ಬಂತು, ಆದರೆ ಆ ಆದೇಶದಿಂದ ಮಗು ಔರಸ ಸಂತಾನ ಎನಿಸಿಕೊಳ್ಳಲಿಲ್ಲ. ರಕ್ತ ಸಾಬೀತಾದ ಮೇಲೂ ಮಗು ಹೊಸ್ತಿಲಾಚೆಯೇ.

ಮಠಗಳಿಗೆ ಬಂದರೆ ವಾದಕ್ಕೆ ಜಾಗವೇ ಇಲ್ಲ. ಫ್ರಾನ್ಸಿನ ಸಿತೋದಲ್ಲಿ 1098ರಲ್ಲಿ ಶುರುವಾದ, ಸಿಸ್ಟರ್ಷಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮೂಲಮಠಕ್ಕೆ 1113ರಿಂದ 1115ರೊಳಗೆ ನಾಲ್ವರು ‘ಹೆಣ್ಣುಮಕ್ಕಳು’: ಲಾ ಫೆರ್ತೆ, ಪಾಂತಿನ್ಯಿ, ಕ್ಲೇರ್ವೋ, ಮೊರಿಮಾಂ. ಒಬ್ಬ ಮಠಾಧಿಪತಿ, ಹನ್ನೆರಡು ಸನ್ಯಾಸಿಗಳು ತಾಯಿಮಠದಿಂದ ಹೊರಟು ಬೇರೆ ಕಡೆ ನೆಲೆ ನಿಂತರೆ ಮಗಳುಮಠ ಆಯಿತು. ತಾಯಿಮಠದ ಅಧಿಪತಿ ವರ್ಷಕ್ಕೊಮ್ಮೆ ಬಂದು ಅಲ್ಲಿನ ನಡೆನುಡಿ ವಿಚಾರಿಸಬೇಕು. ಸಿತೋವನ್ನು ವಿಚಾರಿಸುವವರು ಯಾರು? ಆ ನಾಲ್ವರು ಹೆಣ್ಣುಮಕ್ಕಳೇ! ವಿಶ್ವವಿದ್ಯಾಲಯವನ್ನು ಅದರ ಕಾಲೇಜುಗಳು ತಪಾಸಣೆ ಮಾಡಿದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹೀಗೆ ಮಾಡಿಕೊಂಡ ನಂಟಿಗೆ ಮದುವೆಯ ನಿಷೇಧವೂ ಅಂಟಿಕೊಳ್ಳುತ್ತದೆಯೇ? ಚೆನ್ನಾಗಿಯೇ ಅಂಟಿಕೊಳ್ಳುತ್ತದೆ. ಕ್ರೈಸ್ತರ ದೀಕ್ಷಾಸ್ನಾನದಲ್ಲಿ ಹೆಣ್ಣುಮಗುವಿಗೆ ಗಾಡ್‌ಫಾದರ್, ಅಂದರೆ ಧರ್ಮಪಿತ, ಆದವನು ಮುಂದೆ ಅವಳನ್ನು ಮದುವೆಯಾಗಕೂಡದೆಂದು 530ರಲ್ಲೇ ಚಕ್ರವರ್ತಿ ಜಸ್ಟಿನಿಯನ್ ಕಟ್ಟಳೆ ಮಾಡಿದ. ಕ್ಯಾಥೊಲಿಕ್ ಚರ್ಚಿನ ಲ್ಯಾಟಿನ್ ಶಾಖೆ ಈ ಅಡ್ಡಿಯನ್ನು ಬಿಟ್ಟದ್ದು 1983ರ ಚರ್ಚ್ ಕಾನೂನಿನ ಸಂಹಿತೆಯಲ್ಲಿ. ಪೌರ್ವಾತ್ಯ ಶಾಖೆಗಳ 1990ರ ಸಂಹಿತೆ ಬಿಟ್ಟಿಲ್ಲ. ಅಲ್ಲಿ ಮಗುವಿನ ತಾಯಿ ವಿಧವೆಯಾದರೂ, ವಿನಾಯಿತಿ ಪಡೆಯದೆ ಗಾಡ್‌ಫಾದರ್ ಅವಳ ಕೈಹಿಡಿಯುವಂತಿಲ್ಲ.