ದಾಸೋಹ ಅಂದರೆ ಏನು?

ದಾಸೋಹ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮಠದ ಪಂಕ್ತಿ, ಬಿಸಿ ಅನ್ನ, ಹಬೆಯಾಡುವ ಸಾರಿನ ಕೊಪ್ಪರಿಗೆ. ಆದರೆ ಪದವನ್ನು ಬಿಡಿಸಿ ನೋಡಿ, ಅದರಲ್ಲಿ ಅನ್ನ ಎಲ್ಲೂ ಇಲ್ಲ. 'ದಾಸಃ ಅಹಂ', ಅಂದರೆ 'ನಾನು ದಾಸ', ಅಷ್ಟೇ. ಉಣ್ಣಿಸುವವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಮಾತು ಅದು.

ದಾನದಲ್ಲಿ ಕೊಡುವ ಕೈ ಮೇಲಿರುತ್ತೆ, ಚಾಚಿದ ಕೈ ಕೆಳಗಿರುತ್ತೆ. ದಾಸೋಹದಲ್ಲಿ ಬಡಿಸುವವರೇ ಬಾಗಬೇಕು. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಈ ಮಾತನ್ನು ಕಾಯಕದ ಜೊತೆಗೇ ಕಟ್ಟಿದರು. ಮೊದಲು ದುಡಿ, ಆಮೇಲೆ ಹಂಚಿ ಉಣ್ಣು. ದುಡಿಯದೆ ತಂದದ್ದನ್ನು ಹಂಚಿದರೆ ಅದು ದಾಸೋಹ ಆಗೋದಿಲ್ಲ.

ಇದನ್ನು ಆ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮನಷ್ಟು ಚೆನ್ನಾಗಿ ತಿಳಿಸಿಕೊಟ್ಟವರು ಇನ್ನೊಬ್ಬರಿಲ್ಲ ಅನ್ನೋದು ನನ್ನ ನಂಬಿಕೆ. ಅವಳ ಗಂಡ ಮಾರಯ್ಯನ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಆ ಅಕ್ಕಿಯಲ್ಲೇ ಇವರ ಊಟ, ಬಂದವರ ಊಟ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಮನೆಯಲ್ಲಿ ಕೂಡಿಟ್ಟದ್ದು ಏನೂ ಇಲ್ಲ. ಆದರೂ ಲಕ್ಕಮ್ಮ ಒಲೆ ಹೊತ್ತಿಸಲಿಲ್ಲ. ನಮಗೆ ಇಷ್ಟು ಯಾಕೆ, ಹೋಗಿ ಅಲ್ಲೇ ಸುರಿದು ಬನ್ನಿ ಅಂದಳು. ನಾವು ಬೇಕಾದ್ದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಇನ್ನೊಬ್ಬರ ತಟ್ಟೆಯಲ್ಲಿ ಕಡಿಮೆ ಆಗುತ್ತೆ ಅಲ್ವಾ? ಹಸಿವಿನ ಲೆಕ್ಕ ಅವಳಿಗೆ ಅಷ್ಟು ಸ್ಪಷ್ಟವಾಗಿತ್ತು.

ಇವತ್ತಿಗೂ ಇದು ಬರೀ ಮಠದವರ ಕೆಲಸ ಅಂದುಕೊಳ್ಳಬೇಡಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದರೆ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಜೋಳದ ರೊಟ್ಟಿ ಬಡಿಯುವ ಸದ್ದು. ಅಕ್ಕಪಕ್ಕದ ಹೆಣ್ಣುಮಕ್ಕಳೆಲ್ಲ ಒಂದೇ ಒಲೆಯ ಸುತ್ತ ಕೂತು ತಟತಟ ಬಡಿದು, ಬೇಯಿಸಿ, ಖಡಕ್ ಆಗುವವರೆಗೆ ಒಣಗಿಸುತ್ತಾರೆ. ಒಣಗಿದ ರೊಟ್ಟಿ ಕೆಡೋದಿಲ್ಲ, ಅದಕ್ಕೇ ಮೊದಲೇ ಮಾಡಿಡಬಹುದು. ಆಮೇಲೆ ಚಕ್ಕಡಿ, ಟ್ರಾಕ್ಟರುಗಳಲ್ಲಿ ಹೇರಿಕೊಂಡು ಮಠಕ್ಕೆ ತರುತ್ತಾರೆ. ದವಸ, ತರಕಾರಿ, ಮಾದಲಿ ಅನ್ನೋ ಸಿಹಿ ಕೂಡ ಹೀಗೇ ಬರುತ್ತೆ. ಹೀಗೆ ಸೇರುವ ರೊಟ್ಟಿಯ ಲೆಕ್ಕ ಲಕ್ಷಗಳಲ್ಲಿ. ಯಾವ ರೊಟ್ಟಿ ಯಾರ ಮನೆಯದು ಅಂತ ಉಣ್ಣುವವರಿಗೆ ಗೊತ್ತಾಗೋದೇ ಇಲ್ಲ.

'ತ್ರಿವಿಧ ದಾಸೋಹ' ಅನ್ನೋ ಮಾತನ್ನೂ ನೀವು ಕೇಳಿರುತ್ತೀರಿ. ಅನ್ನ, ಅಕ್ಷರ, ಆಶ್ರಯ ಈ ಮೂರೂ ಅದರಲ್ಲಿ ಸೇರಿವೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಊಟ, ವಸತಿ, ಓದು ಮೂರನ್ನೂ ಉಚಿತವಾಗಿ ಪಡೆಯುತ್ತಾರೆ. ಅದನ್ನು ಬೆಳೆಸಿದ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ಅಂತಿಮ ದರ್ಶನಕ್ಕೆ ಬಂದ ಲಕ್ಷಾಂತರ ಜನರಿಗೂ ಅಲ್ಲಿ ದಾಸೋಹ ನಡೆದೇ ಇತ್ತು.

ಇನ್ನೊಂದು ಮಾತು. ದಾಸೋಹದ ಮನೆಯಲ್ಲಿ ಉಂಡದ್ದನ್ನು ಊಟ ಅನ್ನೋದಿಲ್ಲ, ಪ್ರಸಾದ ಅಂತಾರೆ. ಉತ್ತರ ಕರ್ನಾಟಕದ ಯಾವುದಾದರೂ ಮಠಕ್ಕೆ ಮಧ್ಯಾಹ್ನ ಸುಮ್ನೆ ಕಾಲಿಟ್ಟು ನೋಡಿ. ಹೆಸರು, ಊರು ಕೇಳುವ ಮೊದಲೇ ಯಾರೋ ಒಬ್ಬರು ಕೇಳುತ್ತಾರೆ, "ಪ್ರಸಾದ ಆತೇನ್ರಿ?"