ಸಂತ ಮೈಕಲ್ ಗೋಡೆಯಿಂದ ಬಿದ್ದದ್ದೇಕೆ? ಒಂದು ಮಣ್ಣಿನ ಶಿಲ್ಪದ ಹಿಂದುಮುಂದು

2008ರ ಜುಲೈ 1ರ ಬೆಳಗ್ಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದು ಉಬ್ಬುಶಿಲ್ಪ ಕಲ್ಲಿನ ನೆಲದ ಮೇಲೆ ಒಡೆದು ಬಿದ್ದಿತ್ತು. ರಾತ್ರಿ ಹೊತ್ತಿನಲ್ಲಿ ಅದು ಬಾಗಿಲ ಮೇಲಿಂದ ಕಳಚಿಕೊಂಡಿತ್ತು. ಸುಮಾರು ಐದಡಿ ಅಗಲ, ಅರ್ಧಚಂದ್ರದ ಆಕಾರ. ನೀಲಿ ಹಿನ್ನೆಲೆಯಲ್ಲಿ ಬಿಳಿಯ ಸಂತ ಮೈಕಲ್, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಆತ್ಮಗಳನ್ನು ತೂಗುವ ತಕ್ಕಡಿ. ಫ್ಲಾರೆನ್ಸಿನ ಆಂಡ್ರಿಯಾ ಡೆಲ್ಲಾ ರೊಬ್ಬಿಯಾ ಇದನ್ನು 1475ರ ಸುಮಾರಿಗೆ ಇಟಲಿಯ ಫಾಯೆಂಜಾ ಊರಿನ ಸಂತ ಮೈಕಲ್ ಚರ್ಚಿಗೆಂದು ಮಾಡಿದ್ದ.

ಹೀಗಾದಾಗ ಎರಡು ಮಾತು ಬೇಗ ಬರುತ್ತವೆ. ಮಣ್ಣು ತಾನೇ, ಒಡೆಯದೆ ಇರುತ್ತಾ ಅನ್ನುವುದು ಒಂದು. ಗೋಡೆಗೆ ಸರಿಯಾಗಿ ಸಿಕ್ಕಿಸಿರಲಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ತಪ್ಪು. ಎರಡನೆಯದು ನಿಜವೇ ಆದರೂ ಅರ್ಧ ಕಥೆ. ಉಳಿದರ್ಧ ತಿಳಿಯಬೇಕಾದರೆ ಈ ಶಿಲ್ಪಗಳನ್ನು ಹೇಗೆ ಮಾಡುತ್ತಿದ್ದರು ಅಂತ ನೋಡಬೇಕು.

ಆಂಡ್ರಿಯಾನ ಚಿಕ್ಕಪ್ಪ ಲೂಕಾ ಡೆಲ್ಲಾ ರೊಬ್ಬಿಯಾ ಮೊದಲು ಅಮೃತಶಿಲೆಯ ಶಿಲ್ಪಿ. 1440ರ ದಶಕದಲ್ಲಿ ಅವನು ಮಣ್ಣಿಗೆ ತಿರುಗಿದ. ಫ್ಲಾರೆನ್ಸಿನ ದೊಡ್ಡ ಚರ್ಚಿನಲ್ಲಿ ಒಂದು ಬಾಗಿಲ ಮೇಲೆ ಅವನು ಕೂರಿಸಿದ ಕ್ರಿಸ್ತನ ಪುನರುತ್ಥಾನದ ಫಲಕ ಇವತ್ತಿಗೂ ಅಲ್ಲೇ ಇದೆ. ಮಣ್ಣಿನ ಮೇಲೆ ಗಾಜಿನಂಥ ಲೇಪ ಕೊಟ್ಟು ಸುಡುವುದು ಹೊಸದೇನಲ್ಲ. ತವರದ ಬಿಳಿ ಲೇಪ ಅರಬ್ ನಾಡುಗಳ ಕುಂಬಾರರಿಗೆ ನೂರಾರು ವರ್ಷ ಮೊದಲೇ ಗೊತ್ತಿತ್ತು. ತಟ್ಟೆ, ಹೂಜಿಗಳ ಮೇಲಿದ್ದ ಆ ಲೇಪವನ್ನು ದೊಡ್ಡ ಶಿಲ್ಪದ ಮೇಲೆ ತಂದದ್ದು ಲೂಕಾನ ಸಾಧನೆ.

ಕೆಲಸ ಹೀಗೆ ನಡೆಯುತ್ತಿತ್ತು. ಸುಣ್ಣದ ಅಂಶ ಜಾಸ್ತಿ ಇರುವ, ಸುಟ್ಟರೆ ತಿಳಿಬಣ್ಣಕ್ಕೆ ಬರುವ ಮಣ್ಣನ್ನು ಆರಿಸುತ್ತಿದ್ದರು. ಬರೀ ಚೆಂದಕ್ಕಲ್ಲ. ಸುಟ್ಟಾದ ಮೇಲೆ ಆರುವಾಗ ಮಣ್ಣೂ ಲೇಪವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕುಗ್ಗಬೇಕು. ಇಲ್ಲದಿದ್ದರೆ ಲೇಪ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಹಳೆಯ ಉಪ್ಪಿನಕಾಯಿ ಜಾಡಿಯ ಮೈಮೇಲೆ ಅಂಥ ಬಿರುಕು ನೋಡಿರುತ್ತೀರಿ. ಡೆಲ್ಲಾ ರೊಬ್ಬಿಯಾ ಮನೆತನದ ಒಳ್ಳೆಯ ಕೃತಿಗಳಲ್ಲಿ ಅದು ಕಾಣುವುದು ಅಪರೂಪ.

ಅಷ್ಟು ದೊಡ್ಡ ಶಿಲ್ಪವನ್ನು ಒಂದೇ ಮುದ್ದೆಯಾಗಿ ಸುಡಲು ಆಗುವುದಿಲ್ಲ. ಹಸಿ ಇರುವಾಗಲೇ ಅದನ್ನು ತುಂಡು ಮಾಡುತ್ತಿದ್ದರು. ಎಲ್ಲೆಂದರಲ್ಲಿ ಅಲ್ಲ. ಕತ್ತಿನ ಗೆರೆ, ಬಟ್ಟೆಯ ಅಂಚು, ರೆಕ್ಕೆ ಶುರುವಾಗುವ ಜಾಗ, ಹೀಗೆ ಕಣ್ಣಿಗೆ ಬೀಳದ ಕಡೆ ಕತ್ತರಿಸುತ್ತಿದ್ದರು. ಪ್ರತಿ ತುಂಡಿನ ಹಿಂಬದಿಯನ್ನು ಟೊಳ್ಳಾಗಿ ಕೆರೆಯುತ್ತಿದ್ದರು. ದಪ್ಪ ಒಂದೇ ಸಮ ಇದ್ದರೆ ಒಣಗುವಾಗಲೂ ಸುಡುವಾಗಲೂ ಸೀಳುವುದಿಲ್ಲ. ಮೊದಲ ಸುಡುವಿಕೆ ಆದಮೇಲೆ ಲೇಪ ಹಚ್ಚಿ ಮತ್ತೆ ಸುಡುವುದು. ಬಿಳುಪು ತವರದ್ದು, ನೀಲಿ ಕೋಬಾಲ್ಟಿನದ್ದು. ಆಮೇಲೆ ತುಂಡುಗಳನ್ನು ಸಾಗಿಸಿ, ಗೋಡೆಯಲ್ಲಿ ಜೋಡಿಸಿ, ಗಾರೆ ಹಾಕಿ ಕೂರಿಸುತ್ತಿದ್ದರು.

ಆ ಗಾರೆಯೇ ಇಲ್ಲಿ ಮುಖ್ಯ. ಈ ಶಿಲ್ಪಗಳಿಗೆ ತಮ್ಮದೇ ಬೆನ್ನು ಅಂತ ಇರಲಿಲ್ಲ. ಗೋಡೆಯೇ ಬೆನ್ನು. 16ನೇ ಶತಮಾನದಲ್ಲಿ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ, ಲೂಕಾನ ಮಣ್ಣಿನ ಕೃತಿಗಳು ಹೆಚ್ಚುಕಡಿಮೆ ಶಾಶ್ವತ ಅಂದ. ಆ ಮಾತು ಸುಮ್ನೆ ಹೊಗಳಿಕೆ ಅಲ್ಲ. ಲಾ ವೆರ್ನಾ ಬೆಟ್ಟದ ಮೇಲಿನ ಫ್ರಾನ್ಸಿಸ್ಕನ್ ಮಠದಲ್ಲಿ ಆಂಡ್ರಿಯಾನ ಫಲಕಗಳು ಐನೂರು ವರ್ಷದ ಚಳಿ, ತೇವ ತಿಂದೂ ಬಣ್ಣ ಕಳೆದುಕೊಂಡಿಲ್ಲ. ಬಣ್ಣದ ಮರವಾಗಲಿ, ಭಿತ್ತಿಚಿತ್ರವಾಗಲಿ ಹಾಗೆ ಉಳಿಯುವುದು ಕಷ್ಟ, ಅಲ್ವಾ?

ಆಂಡ್ರಿಯಾ 1525ರಲ್ಲಿ ತೀರಿಕೊಂಡ. ಮಗ ಜಿರೊಲಾಮೊ ಫ್ರಾನ್ಸಿನ ರಾಜನ ಕೆಲಸಕ್ಕೆ ಹೋದ. ಆ ಶತಮಾನ ಮುಗಿಯುವಷ್ಟರಲ್ಲಿ ಕಸುಬೇ ನಿಂತಿತು, ಜನ ಇನ್ನೂರು ವರ್ಷ ಅದನ್ನು ಮರೆತರು.

19ನೇ ಶತಮಾನದಲ್ಲಿ ಆಸಕ್ತಿ ಮತ್ತೆ ಹುಟ್ಟಿತು. ಇಟಲಿಯಲ್ಲಿ ಮಠಗಳು ಮುಚ್ಚುತ್ತಿದ್ದ ಕಾಲ ಅದು. ಚರ್ಚಿನ ಆಸ್ತಿ ಕೈ ಬದಲಾಯಿಸುತ್ತಿತ್ತು. ಲಂಡನ್ನಿನ ಮ್ಯೂಸಿಯಂ ಕೊಂಡಿತು, ಅಮೆರಿಕದ ಶ್ರೀಮಂತರು ಕೊಂಡರು. ತುಂಡು ತುಂಡಾಗಿ ಬಿಚ್ಚಬಹುದು ಅನ್ನುವ ಗುಣವೇ ಈ ಶಿಲ್ಪಗಳನ್ನು ಸುಲಭದ ಸರಕು ಮಾಡಿತು. ಹಾಗೆ ಬಂದವನ್ನು ಕೊಂಡು ಕಾಪಾಡಿದವರ ಶ್ರದ್ಧೆಯನ್ನು ಅಲ್ಲಗಳೆಯಲಾಗದು. ಆದರೆ ಗೋಡೆಯನ್ನು ಯಾರೂ ಜೊತೆಗೆ ತರಲಿಲ್ಲ. ಅದರ ಜಾಗಕ್ಕೆ ಮರದ ಚೌಕಟ್ಟು, ಪ್ಲಾಸ್ಟರ್, ಕಬ್ಬಿಣದ ಕೊಕ್ಕೆ ಬಂದವು. ಅಲ್ಲಿಂದ ಶಿಲ್ಪದ ಆಯಸ್ಸು ಮಣ್ಣಿನದ್ದಲ್ಲ, ಕೊಕ್ಕೆಯದ್ದು.

ಫಾಯೆಂಜಾದ ಸಂತ ಮೈಕಲ್ 1960ರಲ್ಲಿ ಮೆಟ್ರೊಪಾಲಿಟನ್ ಸೇರಿತು. 1996ರಿಂದ ಬಾಗಿಲ ಮೇಲಿತ್ತು. ಲೋಹದ ಆಧಾರದಿಂದ ಕಳಚಿ ಬಿತ್ತು ಅಂತ ಮ್ಯೂಸಿಯಂ ತಾನೇ ಹೇಳಿತು. ಸರಿಪಡಿಸಬಹುದು ಅಂತಲೂ ಹೇಳಿತು. ಆರು ವರ್ಷ ಮೊದಲು, 2002ರಲ್ಲಿ, ಅಲ್ಲೇ ಇಟಲಿಯ ಹಳೆಯ ಶಿಲ್ಪಿ ತುಲ್ಲಿಯೊ ಲೊಂಬಾರ್ಡೊನ ಅಮೃತಶಿಲೆಯ ಆದಾಮ ನೆಲಕ್ಕುರುಳಿದ್ದ. ಅವನು ನಿಂತಿದ್ದ ಪ್ಲೈವುಡ್ ಪೀಠ ಕುಸಿದಿತ್ತು. ಅವನನ್ನು ಜೋಡಿಸಿ ಮತ್ತೆ ಜನರ ಮುಂದೆ ನಿಲ್ಲಿಸಿದ್ದು 2014ರಲ್ಲಿ. ಒಂದು ಕಲ್ಲು, ಒಂದು ಮಣ್ಣು. ಎರಡೂ ಕಡೆ ಸೋತದ್ದು ಹೊಸ ಕಾಲದ ಆಧಾರ, ಹಳೆಯ ಕೆಲಸವಲ್ಲ.

ಮೈಕಲ್‌ನ ರಿಪೇರಿಗೂ ವರ್ಷಗಳೇ ಹಿಡಿದವು. ಈಗ ಅವನು ಮತ್ತೆ ಜನರ ಕಣ್ಣಿಗೆ ಬಿದ್ದಿದ್ದಾನೆ. ಈ ನಡುವೆ ಬ್ರೂಕ್ಲಿನ್ ಮ್ಯೂಸಿಯಂ ತನ್ನಲ್ಲಿದ್ದ ಇನ್ನೊಂದು ಫಲಕವನ್ನು ಬೀಳುವವರೆಗೆ ಕಾಯದೆ ಕೈಗೆತ್ತಿಕೊಂಡಿತು. ಅದು ಆಂಡ್ರಿಯಾನ ಇನ್ನೊಬ್ಬ ಮಗ ಜೊವಾನ್ನಿ ಮಾಡಿದ ಪುನರುತ್ಥಾನ, 46 ತುಂಡುಗಳದ್ದು. ಐನೂರು ವರ್ಷದ ಹಿಂದೆ ಅದನ್ನು ಮಾಡಿಸಿದ ಆಂಟಿನೊರಿ ಮನೆತನದವರೇ ಈ ಕೆಲಸಕ್ಕೂ ಹಣ ಕೊಟ್ಟರು. 2016ರಲ್ಲಿ ಅದು ಬೋಸ್ಟನ್ನಿನ ಪ್ರದರ್ಶನಕ್ಕೆ ಹೋಗಿಬಂತು.

ಮ್ಯೂಸಿಯಂಗಳಲ್ಲಿ ಇಂಥ ಕೃತಿಗಳ ಪಕ್ಕದ ವಿವರದ ಚೀಟಿಯಲ್ಲಿ ಶಿಲ್ಪಿಯ ಹೆಸರು, ವರ್ಷ, ದಾನಿಯ ಹೆಸರು ಇರುತ್ತವೆ. ಹಿಂಬದಿಯ ಒಂದು ಫೋಟೊ, ಆಧಾರವನ್ನು ಕೊನೆಗೆ ಯಾವಾಗ ಬಿಚ್ಚಿ ನೋಡಿದರು ಅನ್ನುವ ಒಂದು ಸಾಲು ಅಲ್ಲಿ ಸೇರಿದರೆ ನೋಡುವವರಿಗೂ ಗೊತ್ತಾಗುತ್ತದೆ, ನೋಡಿಕೊಳ್ಳುವವರಿಗೂ ನೆನಪಿರುತ್ತದೆ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.